ಮೊದಲ ದಿನವೇ ಕೂಡಿಸಬೇಕಾದ ಲೆಕ್ಕ

ನಾಲ್ಕು ಹೊಸ ಹಾರ್ಡ್ ಡಿಸ್ಕುಗಳನ್ನು ಸರ್ವರಿನ ಗೂಡುಗಳಿಗೆ ತಳ್ಳಿ ಚಾಲೂ ಮಾಡಿದರೆ, ಅವನ್ನೆಲ್ಲ ಸೇರಿಸಿ ಒಂದೇ ದೊಡ್ಡ ಡಿಸ್ಕಿನಂತೆ ಕಟ್ಟಿಕೊಡುವ ಮೊದಲು ಯಂತ್ರ ಹಲವು ಪ್ರಶ್ನೆ ಕೇಳುತ್ತದೆ. ಯಾವ ರೇಡ್ ಮಟ್ಟ ಬೇಕು? ಚಂಕ್ ಎಷ್ಟು ದೊಡ್ಡದಿರಲಿ? ರೈಟ್ ಕ್ಯಾಶ್ ಹೇಗಿರಲಿ? ಕೊನೆಯಲ್ಲಿ ಇನ್ನೊಂದು: ಇನಿಶಿಯಲೈಸೇಶನ್ ಪೂರ್ತಿ ಮಾಡಲೇ, ಫಾಸ್ಟ್ ಆಗಿ ಮುಗಿಸಲೇ, ಹಿನ್ನೆಲೆಯಲ್ಲಿ ನಡೆಸಲೇ, ಅಥವಾ ಬಿಟ್ಟೇ ಬಿಡಲೇ? ಮೊದಲ ಪ್ರಶ್ನೆಗಳ ಬಗ್ಗೆ ಜನ ತಾಸುಗಟ್ಟಲೆ ವಾದ ಮಾಡುತ್ತಾರೆ. ಕೊನೆಯದಕ್ಕೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಬೇಗ ಮುಗಿಯುವುದನ್ನು ಒತ್ತಿ ಮನೆಗೆ ಹೊರಡುತ್ತಾರೆ. ಪೂರ್ತಿ ಮಾಡಿದರೆ ದೊಡ್ಡ ಡಿಸ್ಕುಗಳಿಗೆ ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಫಾಸ್ಟ್ ಕೆಲವೇ ಸೆಕೆಂಡುಗಳ ಮಾತು. ಎರಡರಲ್ಲಿ ಯಾವುದನ್ನು ಆರಿಸಿದರೂ ಈ ಡಿಸ್ಕುಗಳ ಕೂಟ ಕೆಲಸಕ್ಕೆ ಸಿದ್ಧ ಎಂದು ಪರದೆ ಹೇಳುತ್ತದೆ.

ಫೈಲು ಬರೆದರೆ ಬರೆಯುತ್ತದೆ, ಓದಿದರೆ ಓದುತ್ತದೆ. ಎರಡು ಕೂಟಗಳ ನಡುವೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮೂರು ವರ್ಷವಾದ ಮೇಲೆ ಒಂದು ಡಿಸ್ಕ್ ಸಾಯುತ್ತದೆ. ಲೆಕ್ಕ ಸರಿಯಾಗಿ ಕೂಡಿಕೊಂಡಿದ್ದ ಕೂಟ ಆ ಡಿಸ್ಕಿನಲ್ಲಿದ್ದುದನ್ನು ಅಕ್ಷರಶಃ ಮರಳಿ ಕೊಡುತ್ತದೆ. ಕೂಡಿಕೊಂಡಿಲ್ಲದ ಕೂಟವೂ ಏನನ್ನೋ ಕೊಡುತ್ತದೆ, ಅದೂ ಒಂದು ದೂರಿನ ಮಾತಿಲ್ಲದೆ. ಆದರೆ ಅದು ನಾವು ಇಟ್ಟದ್ದಲ್ಲ.

ಹೀಗೇಕೆ ಎಂದು ತಿಳಿಯಲು 1988ಕ್ಕೆ ಹೋಗಬೇಕು. ಆ ವರ್ಷ ಜೂನ್ ತಿಂಗಳಲ್ಲಿ ಶಿಕಾಗೊದಲ್ಲಿ ನಡೆದ ಡೇಟಾಬೇಸ್ ತಜ್ಞರ ಸಮ್ಮೇಳನದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಒಂದು ಪ್ರಬಂಧ ಮಂಡಿಸಿದರು. ಅವರ ಎದುರಿಗಿದ್ದ ಸಂಗತಿ ಇದು: ದೊಡ್ಡ ಸಂಸ್ಥೆಗಳು ಬಳಸುತ್ತಿದ್ದ ಐಬಿಎಂ 3380 ಡಿಸ್ಕಿನ ತಟ್ಟೆಗಳು 14 ಇಂಚು ಅಗಲ, ಹಿಡಿಸುತ್ತಿದ್ದದ್ದು 7,500 ಮೆಗಾಬೈಟ್. ಅದೇ ಹೊತ್ತಿಗೆ ಪರ್ಸನಲ್ ಕಂಪ್ಯೂಟರಿಗೆಂದು ಕಾನರ್ ಕಂಪನಿ ಮಾಡಿದ ಮೂರೂವರೆ ಇಂಚಿನ ಪುಟ್ಟ ಡಿಸ್ಕ್ 100 ಮೆಗಾಬೈಟ್ ಹಿಡಿಸುತ್ತಿತ್ತು. 75 ಪುಟ್ಟ ಡಿಸ್ಕುಗಳನ್ನು ಒಟ್ಟುಗೂಡಿಸಿದರೆ ದೊಡ್ಡದರಷ್ಟೇ ಜಾಗ, ಕಡಿಮೆ ವಿದ್ಯುತ್ತು, ಕಡಿಮೆ ಹಣ. 75 ಡಿಸ್ಕುಗಳ ಓದಿ ಬರೆಯುವ ಹೆಡ್ಡುಗಳು ಏಕಕಾಲಕ್ಕೆ ಓಡಾಡುವುದರಿಂದ ಹಲವು ಪಟ್ಟು ವೇಗ. ಇಂಥ ಒಳ್ಳೆಯ ಉಪಾಯ ಎಲ್ಲೆಡೆ ಏಕೆ ಜಾರಿಗೆ ಬಂದಿರಲಿಲ್ಲ?

ಉತ್ತರ ಸರಳ ಭಾಗಾಕಾರದಲ್ಲಿತ್ತು. ಒಂದು ಡಿಸ್ಕ್ ಸರಾಸರಿ 30,000 ಗಂಟೆ, ಅಂದರೆ ಮೂರು ವರ್ಷಕ್ಕೂ ಸ್ವಲ್ಪ ಹೆಚ್ಚು ಬಾಳುತ್ತದೆ ಎನ್ನೋಣ. ಅಂಥ 100 ಡಿಸ್ಕುಗಳನ್ನು ಕಟ್ಟಿದರೆ ಸರಾಸರಿ 300 ಗಂಟೆಗೊಮ್ಮೆ ಅವುಗಳಲ್ಲಿ ಒಂದು ಕೆಡುತ್ತದೆ. ಎರಡು ವಾರ ತುಂಬುವ ಮೊದಲೇ ಒಂದು ಸಾವು. ಮಾಹಿತಿಯನ್ನು ಎಲ್ಲ ಡಿಸ್ಕುಗಳ ಮೇಲೂ ಹಂಚಿರುವಾಗ ಒಂದು ಹೋದರೆ ಎಲ್ಲವೂ ಹೋದಂತೆಯೇ. ಆದ್ದರಿಂದ ಅಗ್ಗದ ಡಿಸ್ಕುಗಳ ಕೂಟ ಬೇಕೆಂದರೆ ಅದರ ಜೊತೆಗೆ ಸ್ವಲ್ಪ ಹೆಚ್ಚುವರಿ ಮಾಹಿತಿಯನ್ನೂ ಹೊತ್ತುಕೊಳ್ಳಲೇಬೇಕು ಎಂದು ಮೂವರು ವಾದಿಸಿದರು. ಇಂಥ ಕೂಟಕ್ಕೆ ರೇಡ್ ಎಂದು ಹೆಸರಿಟ್ಟು, ಆ ಹೆಚ್ಚುವರಿಯನ್ನು ಹೇಗೆ ಇಡಬಹುದು ಎಂಬುದಕ್ಕೆ ಐದು ಮಟ್ಟಗಳ ಪಟ್ಟಿ ಕೊಟ್ಟರು. ರೇಡ್ 1 ಎಂದರೆ ಪ್ರತಿಯೊಂದಕ್ಕೂ ಪಡಿಯಚ್ಚು. ರೇಡ್ 5 ಎಂದರೆ ಒಂದು ಡಿಸ್ಕಿನಷ್ಟು ಜಾಗದಲ್ಲಿ ಎಲ್ಲದರ ಪ್ಯಾರಿಟಿ, ಆ ಪ್ಯಾರಿಟಿಯನ್ನು ಎಲ್ಲ ಡಿಸ್ಕುಗಳಲ್ಲೂ ಸರದಿಯಂತೆ ಹಂಚುವುದು. ಕೆಟ್ಟ ಘಟಕದ ಮಾಹಿತಿಯನ್ನು ಉಳಿದವುಗಳಿಂದ ಮರಳಿ ಪಡೆಯುವ ಯೋಚನೆಗೆ ಐಬಿಎಂನ ನಾರ್ಮನ್ ಕೆನ್ ಊಚಿ 1978ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದರು. ಬರ್ಕ್ಲಿಯವರು ಅಂಥ ಚದುರಿದ ಉಪಾಯಗಳನ್ನು ಒಂದೆಡೆ ತಂದು, ಹೆಸರಿಟ್ಟು, ಖರ್ಚು ಗಳಿಕೆಗಳ ಲೆಕ್ಕ ಹಾಕಿ ತೋರಿಸಿದರು. ಇಂದು ಯಾವ ಸರ್ವರಿನ ಪರದೆಯಲ್ಲಿ ನೋಡಿದರೂ ಅವರು ಆರಂಭಿಸಿದ ಸಂಖ್ಯೆಗಳ ಸರಣಿಯೇ ಇದೆ.

ಈಗ ಪ್ಯಾರಿಟಿಯ ಲೆಕ್ಕವನ್ನೇ ಕೈಯಾರೆ ಮಾಡಿ ನೋಡೋಣ. ಪೆನ್ನು ಕಾಗದ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಈ ಅಧ್ಯಾಯದ ಜೀವ ಇರುವುದು ಇಲ್ಲೇ. ಎಕ್ಸಾರ್ ಎಂಬ ಕ್ರಿಯೆಯ ನಿಯಮ ಒಂದೇ ಸಾಲಿನದು: ಎರಡು ಬಿಟ್‌ಗಳು ಒಂದೇ ಆಗಿದ್ದರೆ 0, ಬೇರೆ ಬೇರೆಯಾಗಿದ್ದರೆ 1. ಮೂರು ಡಿಸ್ಕುಗಳ ಒಂದೇ ಜಾಗದಲ್ಲಿ ಕ್ರಮವಾಗಿ 1011, 0110, 1100 ಇವೆ ಎಂದುಕೊಳ್ಳಿ. ಮೊದಲೆರಡರ ಎಕ್ಸಾರ್ 1101. ಅದಕ್ಕೆ ಮೂರನೆಯದನ್ನು ಸೇರಿಸಿದರೆ 0001. ಇದೇ ಪ್ಯಾರಿಟಿ, ನಾಲ್ಕನೆಯ ಡಿಸ್ಕಿಗೆ ಹೋಗುತ್ತದೆ. ಎರಡನೆಯ ಡಿಸ್ಕ್ ಸತ್ತಿತು ಎನ್ನಿ. ಉಳಿದ ಮೂರರ ಎಕ್ಸಾರ್ ತೆಗೆಯಿರಿ: 1011ಕ್ಕೆ 1100 ಸೇರಿ 0111, ಅದಕ್ಕೆ 0001 ಸೇರಿ 0110. ಸತ್ತ ಡಿಸ್ಕಿನಲ್ಲಿದ್ದದ್ದೇ ಬಂತು. ನಾಲ್ಕರಲ್ಲಿ ಯಾವುದು ಸತ್ತರೂ ಉಳಿದ ಮೂರು ಅದನ್ನು ಹೇಳಬಲ್ಲವು. ಒಂದು ಡಿಸ್ಕಿನ ಬೆಲೆಗೆ ಎಲ್ಲ ಡಿಸ್ಕುಗಳಿಗೂ ರಕ್ಷಣೆ. ಇಷ್ಟು ಚಿಕ್ಕ ಗಣಿತ ಇಷ್ಟು ದೊಡ್ಡ ಕೆಲಸ ಮಾಡುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಆದರೆ ಈ ರಕ್ಷಣೆ ಒಂದು ಷರತ್ತಿನ ಮೇಲೆ ನಿಂತಿದೆ. ನಾಲ್ಕನೆಯ ಡಿಸ್ಕಿನಲ್ಲಿರುವುದು ನಿಜಕ್ಕೂ ಉಳಿದ ಮೂರರ ಎಕ್ಸಾರ್ ಆಗಿರಬೇಕು. ಡಿಸ್ಕುಗಳನ್ನು ಹಿಂದೆ ಬೇರೆಲ್ಲೋ ಬಳಸಿದ್ದರೆ ಅವುಗಳ ಮೇಲೆ ಏನೇನೋ ಬಿಟ್‌ಗಳಿರುತ್ತವೆ. ಪರಸ್ಪರ ಸಂಬಂಧವೇ ಇಲ್ಲದ ಆ ಬಿಟ್‌ಗಳನ್ನು ಈ ಲೆಕ್ಕಕ್ಕೆ ಹೊಂದಿಸುವ ಕೆಲಸಕ್ಕೇ ಇನಿಶಿಯಲೈಸೇಶನ್ ಎಂದು ಹೆಸರು.

ಹಾಗಾದರೆ ಮಾಹಿತಿ ಬರೆಯುವಾಗಲೇ ಆ ಜಾಗದ ಪ್ಯಾರಿಟಿ ತಾನಾಗಿ ಸರಿಹೋಗುವುದಿಲ್ಲವೇ? ಮೊದಲೇ ಏಕೆ ಒದ್ದಾಡಬೇಕು? ಬಹಳ ಜನ ಕೇಳುವ ಪ್ರಶ್ನೆ ಇದು, ಕೇಳಬೇಕಾದ ಪ್ರಶ್ನೆಯೂ ಹೌದು. ಎಲ್ಲ ಡಿಸ್ಕುಗಳ ಮೇಲೂ ಒಂದೇ ಏಟಿಗೆ ಹೊಸ ಮಾಹಿತಿ ಬರೆದರೆ ಪ್ಯಾರಿಟಿಯನ್ನು ಹೊಸದಾಗಿಯೇ ಲೆಕ್ಕ ಹಾಕಲಾಗುತ್ತದೆ, ಆಗ ಸರಿಹೋಗುತ್ತದೆ. ಆದರೆ ದಿನನಿತ್ಯದ ಬರಹಗಳು ಚಿಕ್ಕವು. ಎಂಟು ಡಿಸ್ಕುಗಳ ರೇಡ್ 5ರಲ್ಲಿ ಒಂದು ಡಿಸ್ಕಿನ ಒಂದು ತುಣುಕು ಬದಲಾದಾಗ ಪ್ಯಾರಿಟಿಯನ್ನು ಹೊಸದಾಗಿ ಕೂಡಬೇಕೆಂದರೆ ಉಳಿದ ಆರು ಡಿಸ್ಕುಗಳನ್ನು ಓದಬೇಕು. ಅದರ ಬದಲು ಅಡ್ಡದಾರಿಯೊಂದಿದೆ: ಹಳೆಯ ಮಾಹಿತಿ ಮತ್ತು ಹಳೆಯ ಪ್ಯಾರಿಟಿ, ಇವೆರಡನ್ನು ಮಾತ್ರ ಓದುವುದು. ಹಳೆಯ ಪ್ಯಾರಿಟಿ, ಹಳೆಯ ಮಾಹಿತಿ, ಹೊಸ ಮಾಹಿತಿ ಮೂರನ್ನೂ ಎಕ್ಸಾರ್ ಮಾಡಿದರೆ ಹೊಸ ಪ್ಯಾರಿಟಿ ಸಿಗುತ್ತದೆ. ಆರರ ಬದಲು ಎರಡೇ ಓದು. ದೊಡ್ಡ ಕೂಟಗಳು ಚಿಕ್ಕ ಬರಹಕ್ಕೆ ಹಿಡಿಯುವುದು ಈ ದಾರಿಯನ್ನೇ.

ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿನ ಮೊತ್ತ ತಿದ್ದಿದಾಗ ಪುಟವನ್ನೆಲ್ಲ ಮತ್ತೆ ಕೂಡದೆ, ಕೆಳಗಿನ ಒಟ್ಟು ಮೊತ್ತಕ್ಕೆ ಅಷ್ಟೇ ವ್ಯತ್ಯಾಸವನ್ನು ಸೇರಿಸಿಯೋ ಕಳೆದೋ ಬಿಡುತ್ತಾರಲ್ಲ, ಹಾಗೆಯೇ ಇದು. ಒಟ್ಟು ಮೊತ್ತ ಮೊದಲೇ ಸರಿಯಿದ್ದರೆ ಈ ವಿಧಾನ ಎಂದಿಗೂ ತಪ್ಪುವುದಿಲ್ಲ. ಮೊದಲೇ ತಪ್ಪಿದ್ದರೆ ಎಷ್ಟು ಸಲ ತಿದ್ದಿದರೂ ತಪ್ಪು ಅಷ್ಟಕ್ಕಷ್ಟೇ ಉಳಿಯುತ್ತದೆ.

ಸಂಖ್ಯೆಗಳಲ್ಲಿ ನೋಡಿ. ಲೆಕ್ಕ ಚಿಕ್ಕದಿರಲೆಂದು ಮೇಲಿನ ನಾಲ್ಕು ಡಿಸ್ಕುಗಳನ್ನೇ ಇಟ್ಟುಕೊಂಡಿದ್ದೇನೆ. ಇನಿಶಿಯಲೈಸ್ ಮಾಡದ ಕಾರಣ ಪ್ಯಾರಿಟಿಯ ಜಾಗದಲ್ಲಿ 0001ರ ಬದಲು ಹಳೆಯ ಕಸ 1010 ಕೂತಿದೆ. ಎರಡನೆಯ ಡಿಸ್ಕಿನ 0110 ಅಳಿಸಿ 0011 ಬರೆಯುತ್ತೇವೆ. ಅಡ್ಡದಾರಿಯ ಲೆಕ್ಕ: 1010ಕ್ಕೆ 0110 ಸೇರಿ 1100, ಅದಕ್ಕೆ 0011 ಸೇರಿ 1111. ಬರಬೇಕಾಗಿದ್ದ ನಿಜವಾದ ಪ್ಯಾರಿಟಿ 0100. ಮಾಹಿತಿ ಸರಿಯಾಗಿಯೇ ಬರೆಯಲ್ಪಟ್ಟಿತು, ಓದಿದರೆ ಸರಿಯಾಗಿಯೇ ಬರುತ್ತದೆ, ಯಾರಿಗೂ ಅನುಮಾನವಿಲ್ಲ. ಒಂದು ದಿನ ಮೊದಲನೆಯ ಡಿಸ್ಕ್ ಸಾಯುತ್ತದೆ. ಅಲ್ಲಿದ್ದದ್ದು 1011. ಕೂಟ ಉಳಿದ ಮೂರನ್ನು ಕೂಡುತ್ತದೆ: 0011, 1100, 1111. ಬರುವ ಉತ್ತರ 0000. ಗಮನಿಸಿ, ನಾವು ಮುಟ್ಟಿದ್ದು ಎರಡನೆಯ ಡಿಸ್ಕನ್ನು. ಹಾಳಾದದ್ದು ಮೊದಲನೆಯದರಲ್ಲಿದ್ದ ಮಾಹಿತಿ.

ಇದು ಅರ್ಥವಾದ ಮೇಲೆ ಪರದೆಯ ಆಯ್ಕೆಗಳನ್ನು ಒಂದೊಂದಾಗಿ ತೂಗುವುದು ಸುಲಭ.

ಪೂರ್ತಿ ಇನಿಶಿಯಲೈಸೇಶನ್ನಿನಲ್ಲಿ ಹಾರ್ಡ್‌ವೇರ್ ಕಂಟ್ರೋಲರುಗಳು ಸಾಮಾನ್ಯವಾಗಿ ಎಲ್ಲ ಡಿಸ್ಕುಗಳ ತುದಿಯಿಂದ ತುದಿಗೆ ಸೊನ್ನೆ ಬರೆಯುತ್ತವೆ. ಸೊನ್ನೆಗಳ ಎಕ್ಸಾರ್ ಸೊನ್ನೆಯೇ ಆದ್ದರಿಂದ ಲೆಕ್ಕ ತಾನಾಗಿ ಕೂಡಿಕೊಳ್ಳುತ್ತದೆ. ಹಿಡಿಯುವ ಕಾಲವನ್ನು ಊಹಿಸುವುದು ಕಷ್ಟವಲ್ಲ. 4 ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 150 ಮೆಗಾಬೈಟ್‌ನಂತೆ ಬರೆದರೆ ಸುಮಾರು ಏಳೂವರೆ ಗಂಟೆ. 20 ಟೆರಾಬೈಟಿಗೆ 200 ಮೆಗಾಬೈಟ್ ವೇಗ ಸಿಕ್ಕರೂ 28 ಗಂಟೆ. ಡಿಸ್ಕುಗಳೆಲ್ಲ ಒಟ್ಟಿಗೇ ಬರೆದುಕೊಳ್ಳುವುದರಿಂದ ಅವು ನಾಲ್ಕಿದ್ದರೂ ಎಂಟಿದ್ದರೂ ಕಾಲ ಹೆಚ್ಚು ಬದಲಾಗುವುದಿಲ್ಲ. ಈ ಕಾಯುವಿಕೆಗೆ ಇನ್ನೊಂದು ಲಾಭವೂ ಇದೆ. ನಮ್ಮ ಒಂದು ಫೈಲೂ ಒಳಗೆ ಹೋಗುವ ಮೊದಲೇ ಪ್ರತಿ ಡಿಸ್ಕಿನ ಪ್ರತಿ ಸೆಕ್ಟರಿನ ಮೇಲೂ ಒಮ್ಮೆ ಹೆಡ್ಡು ಓಡಾಡಿರುತ್ತದೆ. ಹುಟ್ಟಿನಿಂದಲೇ ದುರ್ಬಲವಾದ ಡಿಸ್ಕ್ ಅಲ್ಲೇ ಮುಗ್ಗರಿಸಿದರೆ ಅದಕ್ಕಿಂತ ಒಳ್ಳೆಯ ದಿನ ಬೇರಿಲ್ಲ: ಕಳೆದುಕೊಳ್ಳುವುದು ಏನೂ ಇಲ್ಲ, ವಾರಂಟಿಯೂ ಹೊಸದು.

ಫಾಸ್ಟ್ ಎಂದರೆ ಡಿಸ್ಕುಗಳ ಆರಂಭದ ಮತ್ತು ಕೊನೆಯ ಚೂರು ಭಾಗಕ್ಕೆ ಮಾತ್ರ ಸೊನ್ನೆ ಬರೆಯುವುದು. ಹಳೆಯ ಪಾರ್ಟಿಶನ್ನಿನ ಗುರುತುಗಳು ಅಳಿಸುತ್ತವೆ, ಅಷ್ಟೇ. ಒಳ್ಳೆಯ ಕಂಟ್ರೋಲರುಗಳು ಇದಾದ ಮೇಲೆ ಹಿನ್ನೆಲೆಯಲ್ಲಿ ನಿಧಾನವಾಗಿ ಪ್ಯಾರಿಟಿ ಹೊಂದಿಸುತ್ತಾ ಹೋಗುತ್ತವೆ. ಹಾಗಿದ್ದಲ್ಲಿ ಫಾಸ್ಟ್ ಆರಿಸಿದರೂ ಚಿಂತೆಯಿಲ್ಲ, ಆದರೆ ಆ ಹಿನ್ನೆಲೆಯ ಕೆಲಸ ನಿಜವಾಗಿ ನಡೆಯುತ್ತಿದೆಯೇ, ಮುಗಿಯಿತೇ ಎಂದು ನೋಡಿಕೊಳ್ಳಬೇಕು. ಅದು ಮುಗಿಯುವವರೆಗೆ ಕೂಟ ಬಳಕೆಗೆ ಸಿಗುತ್ತದೆ, ರಕ್ಷಣೆ ಮಾತ್ರ ಪೂರ್ತಿ ಸಿಕ್ಕಿರುವುದಿಲ್ಲ.

ಲಿನಕ್ಸಿನಲ್ಲಿ ಈ ಕೆಲಸ ಮಾಡುವುದು ಕರ್ನೆಲ್ಲಿನ ಎಂಡಿ ಎಂಬ ಭಾಗ. ಅದನ್ನು ನಡೆಸುವ ಎಂಡಿಎಡಿಎಂ ಎಂಬ ಉಪಕರಣವನ್ನು ಬರೆದವರು ಆಸ್ಟ್ರೇಲಿಯಾದ ನೀಲ್ ಬ್ರೌನ್. ಇದರಲ್ಲಿ ಒಂದು ಸೊಗಸಾದ ಉಪಾಯವಿದೆ. ನಾಲ್ಕು ಡಿಸ್ಕುಗಳ ರೇಡ್ 5 ಕಟ್ಟು ಎಂದರೆ ಅದು ಮೂರೇ ಡಿಸ್ಕಿನ, ಒಂದು ಅಂಗ ಊನವಾದ ಕೂಟ ಕಟ್ಟಿ, ನಾಲ್ಕನೆಯದನ್ನು ಬದಲಿ ಡಿಸ್ಕ್ ಎಂದು ಸೇರಿಸಿಕೊಂಡು ಅದರ ಮೇಲೆ ಮರುನಿರ್ಮಾಣ ಶುರುಮಾಡುತ್ತದೆ. ಹೊಸ ಕೂಟ ಹುಟ್ಟಿದ ಕ್ಷಣದಲ್ಲೇ ಒಂದು ಡಿಸ್ಕ್ ಇಲ್ಲ ಎಂದು ತೋರಿಸುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ. ನಾಲ್ಕನ್ನೂ ಓದಿ, ಹೋಲಿಸಿ, ತಪ್ಪಿದ್ದಲ್ಲಿ ಹಿಂದಿರುಗಿ ಬರೆಯುತ್ತಾ ಹೋದರೆ ಹೆಡ್ಡು ಹಿಂದೆ ಮುಂದೆ ಅಲೆದಾಡುತ್ತದೆ. ಮೂರನ್ನು ಬರೀ ಓದುತ್ತಾ ನಾಲ್ಕನೆಯದರ ಮೇಲೆ ಬರೀ ಬರೆಯುತ್ತಾ ಹೋದರೆ ನಾಲ್ಕೂ ನೇರವಾಗಿ ಓಡುತ್ತವೆ, ಕೆಲಸ ಬೇಗ ಮುಗಿಯುತ್ತದೆ. ಹೀಗೆ ಕಟ್ಟಿದಾಗ ನಾಲ್ಕನೆಯ ಡಿಸ್ಕಿನ ಮೇಲೆ ಬರುವುದು ಹಳೆಯ ಕಸದಿಂದ ಲೆಕ್ಕ ಹಾಕಿದ ಹೊಸ ಕಸವೇ. ಖಾಲಿ ಜಾಗದಲ್ಲಿ ಏನಿದ್ದರೂ ಸರಿ, ನಾಲ್ಕರ ಲೆಕ್ಕ ಕೂಡಿದರಾಯಿತು.

ಈ ಹಿನ್ನೆಲೆಯ ಓಟಕ್ಕೆ ಲಿನಕ್ಸ್ ಎರಡು ಮಿತಿ ಇಟ್ಟಿದೆ: ತಾನಾಗಿ ಇರುವ ಗರಿಷ್ಠ ಮಿತಿ ಸೆಕೆಂಡಿಗೆ ಡಿಸ್ಕೊಂದಕ್ಕೆ ಸುಮಾರು 200 ಮೆಗಾಬೈಟ್, ಕನಿಷ್ಠ ಸುಮಾರು 1 ಮೆಗಾಬೈಟ್. ಬೇರೆ ಕೆಲಸ ಜೋರಾಗಿರುವಾಗ ವೇಗ ಕನಿಷ್ಠದತ್ತ ಜಾರುತ್ತದೆ. ಆ ವೇಗದಲ್ಲಿ 4 ಟೆರಾಬೈಟ್ ಮುಗಿಯಲು ಒಂದೂವರೆ ತಿಂಗಳು ಬೇಕು. ಕೂಟ ಕಟ್ಟಿದ ದಿನವೇ ಹಳೆಯ ಸರ್ವರಿನಿಂದ ಫೈಲುಗಳನ್ನು ಸುರಿಯಲು ಆರಂಭಿಸುವವರು ಇದನ್ನು ನೆನಪಿಡಬೇಕು. ಮೊದಲ ರಾತ್ರಿಯನ್ನು ಕೂಟಕ್ಕೇ ಬಿಟ್ಟುಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ಅಸ್ಯೂಮ್ ಕ್ಲೀನ್ ಎಂಬ ಆಯ್ಕೆ. ಲೆಕ್ಕ ಈಗಾಗಲೇ ಕೂಡಿದೆ ಎಂದು ನಾವು ಯಂತ್ರಕ್ಕೆ ಕೊಡುವ ಮಾತು ಅದು. ಎಲ್ಲ ಡಿಸ್ಕುಗಳಿಗೂ ಮೊದಲೇ ಸೊನ್ನೆ ಬರೆದಿದ್ದರೆ ಆ ಮಾತು ನಿಜ. ಕೆಟ್ಟುಹೋದ ಕೂಟವನ್ನು ಅದರ ಹಳೆಯ ಕ್ರಮದಲ್ಲೇ ಮತ್ತೆ ಜೋಡಿಸುವ ಪರಿಣತರಿಗೂ ಅದು ಬೇಕಾಗುತ್ತದೆ. ಪಡಿಯಚ್ಚಿನ ರೇಡ್ 1ರಲ್ಲಿ ಅದನ್ನು ಬಳಸಿದರೆ ಸಾಮಾನ್ಯವಾಗಿ ಹಾನಿಯಿಲ್ಲ: ಬರೆದದ್ದು ಎರಡೂ ಕಡೆ ಬರೆಯಲ್ಪಡುತ್ತದೆ, ಬರೆಯದ ಜಾಗವನ್ನು ಫೈಲ್ ಸಿಸ್ಟಮ್ ಓದುವುದೇ ಇಲ್ಲ. ಆದರೂ ಎಂಡಿಎಡಿಎಂ ಕೈಪಿಡಿಯೇ ಬೇಡವೆನ್ನುತ್ತದೆ, ಕಾರಣವೂ ಗಟ್ಟಿಯಾಗಿದೆ. ಡೆಬಿಯನ್ ಮುಂತಾದ ಲಿನಕ್ಸುಗಳು ತಿಂಗಳಿಗೊಮ್ಮೆ ಕೂಟವನ್ನೆಲ್ಲ ಓದಿ, ಲೆಕ್ಕ ಎಷ್ಟು ಕಡೆ ತಪ್ಪಿದೆ ಎಂದು ಎಣಿಸಿಡುತ್ತವೆ. ಸರಿಯಾಗಿ ಶುರುವಾದ ರೇಡ್ 5ರಲ್ಲಿ ಆ ಎಣಿಕೆ ಸೊನ್ನೆ ಇರಬೇಕು; ಸೊನ್ನೆಯಲ್ಲದಿದ್ದರೆ ಕೇಬಲ್ಲೋ ಮೆಮೊರಿಯೋ ಡಿಸ್ಕೋ ಹದಗೆಟ್ಟಿದೆ ಎಂಬ ಮುನ್ಸೂಚನೆ. ಮೊದಲ ದಿನವೇ ಲಕ್ಷಗಟ್ಟಲೆ ತಪ್ಪುಗಳೊಂದಿಗೆ ಶುರುವಾದ ಕೂಟದಲ್ಲಿ ಈ ಮುನ್ಸೂಚನೆಯ ಬಾಯಿ ಕಟ್ಟಿದಂತಾಗುತ್ತದೆ. ಹಾಗೆ ಆರಂಭಿಸಿದ ಕೂಟ ಈಗಾಗಲೇ ನಿಮ್ಮಲ್ಲಿದ್ದರೆ ದಾರಿಯಿದೆ: ಎಲ್ಲ ಡಿಸ್ಕುಗಳೂ ಆರೋಗ್ಯವಾಗಿರುವಾಗಲೇ ರಿಪೇರ್ ಆದೇಶ ಕೊಟ್ಟರೆ ಈಗಿರುವ ಮಾಹಿತಿಗೆ ತಕ್ಕಂತೆ ಪ್ಯಾರಿಟಿ ಮತ್ತೆ ಬರೆಯಲ್ಪಡುತ್ತದೆ.

ಎಸ್‌ಎಸ್‌ಡಿಗಳ ವಿಷಯ ತುಸು ಬೇರೆ. ಉದ್ದಕ್ಕೂ ಸೊನ್ನೆ ಬರೆದರೆ ಡಿಸ್ಕ್ ತಾನು ಪೂರ್ತಿ ತುಂಬಿದ್ದೇನೆ ಎಂದುಕೊಳ್ಳುತ್ತದೆ, ಸವೆತವೂ ಸ್ವಲ್ಪ ಆಗುತ್ತದೆ. ಈ ಜಾಗ ಖಾಲಿ ಎಂದು ಡಿಸ್ಕಿಗೆ ತಿಳಿಸುವ ಆದೇಶ ಟ್ರಿಮ್. ಟ್ರಿಮ್ ಆದ ಜಾಗವನ್ನು ಓದಿದಾಗ ಸೊನ್ನೆಯನ್ನೇ ಕೊಡುವುದಾಗಿ ಖಾತ್ರಿ ನೀಡುವ ಎಸ್‌ಎಸ್‌ಡಿಗಳಿಗೆ ಟ್ರಿಮ್ ಮಾಡಿದರೆ ಸಾಕು.

ಈ ಇಡೀ ಸಮಸ್ಯೆಯನ್ನು ಬುಡದಲ್ಲೇ ಬಗೆಹರಿಸಿದ್ದು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮತ್ತು ಅವರ ತಂಡ 2001ರಲ್ಲಿ ಕೆಲಸ ಶುರುಮಾಡಿ 2005ರಲ್ಲಿ ಅದನ್ನು ಹೊರತಂದಿತು. ಹಳೆಯ ರೇಡಿಗೆ ಯಾವ ಜಾಗದಲ್ಲಿ ಫೈಲಿದೆ, ಯಾವುದು ಖಾಲಿ ಎಂಬುದು ಗೊತ್ತಿಲ್ಲ. ಆದ್ದರಿಂದಲೇ ಅದು ಖಾಲಿ ಜಾಗದ ಲೆಕ್ಕವನ್ನೂ ಕೂಡಬೇಕಾಗುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಫೈಲ್ ಸಿಸ್ಟಮ್ಮೂ ರೇಡೂ ಒಂದೇ. ಬರೆಯುವಾಗಲೆಲ್ಲ ಹೊಸ ಜಾಗದಲ್ಲಿ ಇಡೀ ಪಟ್ಟಿಯನ್ನೇ, ಅಂದರೆ ಡಿಸ್ಕುಗಳ ಮೇಲೆ ಹರಡುವ ತುಣುಕುಗಳ ಸಾಲನ್ನೇ, ಹೊಸ ಪ್ಯಾರಿಟಿಯೊಂದಿಗೆ ಬರೆಯುತ್ತದೆ, ಮಾಹಿತಿ ಬದಲಾಗಿದೆಯೇ ಎಂದು ತಿಳಿಸುವ ಚೆಕ್‌ಸಮ್ ಅನ್ನು ಪ್ರತಿ ಬ್ಲಾಕಿಗೂ ಇಡುತ್ತದೆ. ಹಾಗಾಗಿ ಅಲ್ಲಿ ಇನಿಶಿಯಲೈಸೇಶನ್ ಎಂಬ ಕಾಯುವಿಕೆ ಇಲ್ಲ. ಕೂಟ ಕ್ಷಣದಲ್ಲಿ ಸಿದ್ಧವಾಗುವುದು ಅಲ್ಲಿ ನ್ಯಾಯವೇ. ಆದರೆ ಅದಕ್ಕೂ ಮೊದಲ ದಿನದ ಕಟ್ಟುಪಾಡುಗಳಿವೆ. ಸೆಕ್ಟರ್ ಗಾತ್ರ ಹೇಳುವ ಎಶಿಫ್ಟ್ ಸಂಖ್ಯೆಯನ್ನು ಆಮೇಲೆ ಬದಲಿಸಲಾಗದು. ಅದರ ಪ್ಯಾರಿಟಿ ಕೂಟಕ್ಕೆ ರೇಡ್-ಝಡ್ ಎಂದು ಹೆಸರು; ಒಮ್ಮೆ ಕಟ್ಟಿದ ರೇಡ್-ಝಡ್ ಗುಂಪಿಗೆ ಇನ್ನೊಂದು ಡಿಸ್ಕ್ ಸೇರಿಸುವ ಸೌಲಭ್ಯ ಅದರ ಮುಕ್ತ ರೂಪವಾದ ಓಪನ್‌ಝಡ್‌ಎಫ್‌ಎಸ್‌ನ ಬಿಡುಗಡೆಯಲ್ಲಿ ಬಂದದ್ದು 2025ರ ಜನವರಿಯಲ್ಲಷ್ಟೇ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಕಂಟ್ರೋಲರ್ ಕಾರ್ಡ್ ಕೆಟ್ಟು ಬೇರೆ ಕಾರ್ಡ್ ಹಾಕಿದಾಗ, ಅಥವಾ ಡಿಸ್ಕುಗಳನ್ನು ಬೇರೆ ಸರ್ವರಿಗೆ ಸಾಗಿಸಿದಾಗ, ಹೊಸ ಕಂಟ್ರೋಲರ್ ಅವನ್ನು ಪರಕೀಯ ಸಂರಚನೆ, ಫಾರಿನ್ ಕಾನ್ಫಿಗರೇಶನ್ ಎಂದು ತೋರಿಸುತ್ತದೆ. ಆಗ ಒತ್ತಬೇಕಾದದ್ದು ಇಂಪೋರ್ಟ್. ಕ್ಲಿಯರ್ ಒತ್ತಿ, ಹೊಸ ಕೂಟ ಕಟ್ಟಿ, ಇನಿಶಿಯಲೈಸ್ ಎಂದರೆ ಹಳೆಯದೆಲ್ಲ ಅಳಿಸಲು ಶುರು. ಫಾಸ್ಟ್ ಆಗಿದ್ದರೆ ತುದಿಗಳು ಮಾತ್ರ ಅಳಿದು ನಡುವಿನದನ್ನು ತಜ್ಞರು ಹೇಗೋ ಮೇಲೆತ್ತಬಹುದು, ಅದೂ ಹಿನ್ನೆಲೆಯ ಕೆಲಸ ಇನ್ನೂ ಪ್ಯಾರಿಟಿಯ ಮೇಲೆ ಕೈಯಿಟ್ಟಿಲ್ಲದಿದ್ದರೆ. ಪೂರ್ತಿ ಆಗಿದ್ದರೆ ಉಳಿಯುವುದು ಸೊನ್ನೆಗಳೇ.

ಈಗ ರೇಡ್ ಮಟ್ಟದ ಮಾತು. 2007ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಅದೇ ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕುಗಳ ನಿಜ ದಾಖಲೆಗಳನ್ನು ಪರಿಶೀಲಿಸಿದರು. ತಯಾರಕರ ಕಾಗದದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ 0.88 ಶೇಕಡಾ ಡಿಸ್ಕುಗಳು ಕೆಡಬೇಕಿತ್ತು. ಬದಲಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ 2ರಿಂದ 4 ಶೇಕಡಾ, ಕೆಲವೆಡೆ 13ರವರೆಗೂ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಸಾವುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಚದುರಿರಲಿಲ್ಲ, ಒತ್ತೊತ್ತಾಗಿ ಬರುತ್ತಿದ್ದವು. ಒಂದೇ ಬ್ಯಾಚಿನ, ಒಂದೇ ಪೆಟ್ಟಿಗೆಯ, ಒಂದೇ ಬಿಸಿ ಉಂಡ, ಒಂದೇ ವಯಸ್ಸಿನ ಡಿಸ್ಕುಗಳು ಒಟ್ಟಿಗೇ ದಣಿಯುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಸತ್ತ ಮೇಲೆ ಮರುನಿರ್ಮಾಣದ ಗಂಟೆಗಳಲ್ಲಿ ಉಳಿದವೆಲ್ಲ ತುದಿಯಿಂದ ತುದಿಗೆ ಓದಿಸಿಕೊಳ್ಳಬೇಕು, ಅದೂ ಅವುಗಳ ಬದುಕಿನ ಅತ್ಯಂತ ಕಷ್ಟದ ದಿನ.

ಆ ಓದಿನ ನಡುವೆ ಒಂದು ಸೆಕ್ಟರ್ ಕೈಕೊಡಬಹುದು. ಸಾಧಾರಣ ಡಿಸ್ಕುಗಳ ಕಾಗದದ ಮೇಲೆ, ಒಂದರ ಮುಂದೆ 14 ಸೊನ್ನೆಯಿರುವಷ್ಟು ಬಿಟ್ ಓದಿದರೆ ಒಂದು ದೋಷ ಬರಬಹುದು ಎಂದಿರುತ್ತದೆ. ಅದು ಹನ್ನೆರಡೂವರೆ ಟೆರಾಬೈಟ್. 4 ಟೆರಾಬೈಟಿನ ನಾಲ್ಕು ಡಿಸ್ಕುಗಳ ರೇಡ್ 5ರಲ್ಲಿ ಒಂದು ಸತ್ತರೆ ಓದಬೇಕಾದದ್ದು 12 ಟೆರಾಬೈಟ್. ಕಾಗದವನ್ನು ಅಕ್ಷರಶಃ ನಂಬಿದರೆ ಮರುನಿರ್ಮಾಣ ಎಡವುವ ಸಂಭವವೇ ಹೆಚ್ಚು. ಆ ಸಂಖ್ಯೆ ತಯಾರಕರು ಹೇಳುವ ಹೊರಮಿತಿ, ನಿಜವಾದ ಡಿಸ್ಕುಗಳು ಅದಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತವೆ. ಆದ್ದರಿಂದ ರೇಡ್ 5 ಸತ್ತೇ ಹೋಯಿತು ಎಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ಇಂದಿನ ಗಾತ್ರದ ಡಿಸ್ಕುಗಳಿಗೆ, ಮತ್ತೆ ಸಿಗದ ಮಾಹಿತಿಗೆ, ನನ್ನ ಆಯ್ಕೆ ಆ ಐದರ ಪಟ್ಟಿಗೆ ಆಮೇಲೆ ಸೇರಿದ, ಎರಡು ಸಾವು ತಾಳುವ ರೇಡ್ 6.

ರೇಡ್ 6ರ ಎರಡನೆಯ ಪ್ಯಾರಿಟಿಗೆ ಎಕ್ಸಾರ್ ಒಂದೇ ಸಾಲದು. ಎರಡು ಡಿಸ್ಕುಗಳು ಅಜ್ಞಾತವಾದಾಗ ಅವನ್ನು ಬಿಡಿಸಲು ಎರಡು ಸ್ವತಂತ್ರ ಸಮೀಕರಣಗಳು ಬೇಕು. ಪ್ರತಿ ಡಿಸ್ಕಿನ ಬೈಟನ್ನೂ ಒಂದೊಂದು ಬೇರೆ ಗುಣಕದಿಂದ ಗುಣಿಸಿ ಕೂಡಿದರೆ ಎರಡನೆಯ ಸಮೀಕರಣ ಸಿಗುತ್ತದೆ. ಆದರೆ ಗುಣಿಸಿದ ಉತ್ತರ ಒಂದು ಬೈಟನ್ನು ಮೀರಿ ಉಕ್ಕಬಾರದು, ಭಾಗಿಸಿದರೆ ಶೇಷ ಉಳಿಯಬಾರದು. 256 ಸಂಖ್ಯೆಗಳಷ್ಟೇ ಇರುವ, ಆದರೂ ಕೂಡಿ ಕಳೆದು ಗುಣಿಸಿ ಭಾಗಿಸಲು ಬರುವ ಪುಟ್ಟ ಸಂಖ್ಯಾಲೋಕವೊಂದು ಬೇಕು. ಅಂಥ ಲೋಕಗಳ ಗಣಿತಕ್ಕೆ ಅಡಿಪಾಯ ಹಾಕಿದವನು ಫ್ರಾನ್ಸಿನ ಎವಾರಿಸ್ಟ್ ಗಾಲ್ವಾ, 1832ರಲ್ಲಿ ಇಪ್ಪತ್ತನೆಯ ವಯಸ್ಸಿನಲ್ಲೇ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ತೀರಿಕೊಂಡ ತರುಣ. ರೀಡ್ ಮತ್ತು ಸಾಲಮನ್ 1960ರಲ್ಲಿ ಆ ಗಣಿತದಿಂದ ದೋಷ ತಿದ್ದುವ ಸಂಕೇತಗಳನ್ನು ಕಟ್ಟಿದರು. ಇಂದು ಎರಡು ಡಿಸ್ಕ್ ಸತ್ತ ಸರ್ವರ್ ಫೈಲು ತೆರೆದು ಕೊಡುವಾಗ ನಡೆಯುವುದು ಅದೇ ಲೆಕ್ಕ.

ಚಂಕ್ ಗಾತ್ರದ ಬಗ್ಗೆ ಆಗುವ ಚರ್ಚೆ ಅದರ ಯೋಗ್ಯತೆಗಿಂತ ದೊಡ್ಡದು. ಒಂದು ಡಿಸ್ಕಿನ ಮೇಲೆ ಎಷ್ಟು ಬರೆದ ಮೇಲೆ ಮುಂದಿನ ಡಿಸ್ಕಿಗೆ ದಾಟಬೇಕು ಎಂಬುದೇ ಚಂಕ್. ಅದು ಚಿಕ್ಕದಾದರೆ ಒಂದು ಫೈಲನ್ನು ಓದಲು ಎಲ್ಲ ಹೆಡ್ಡುಗಳೂ ಏಳಬೇಕು. ದೊಡ್ಡದಾದರೆ ಹಲವರ ಚಿಕ್ಕ ಕೋರಿಕೆಗಳನ್ನು ಬೇರೆ ಬೇರೆ ಡಿಸ್ಕುಗಳು ಒಟ್ಟಿಗೇ ಪೂರೈಸಬಹುದು. ಲಿನಕ್ಸ್ ತಾನಾಗಿ ಇಡುವ 512 ಕಿಲೋಬೈಟ್ ಬಹುಪಾಲು ಕೆಲಸಕ್ಕೆ ಸರಿ. ಪಾರ್ಟಿಶನ್ನಿನ ಆರಂಭ ಮಾತ್ರ 1 ಮೆಗಾಬೈಟಿನ ಗಡಿಗೆ ಸರಿಯಾಗಿ ಬೀಳಲಿ. ಹಳೆಯ ಕಾಲದಂತೆ 63ನೇ ಸೆಕ್ಟರಿನಿಂದ ಶುರುಮಾಡಿದರೆ 4,096 ಬೈಟಿನ ಭೌತಿಕ ಸೆಕ್ಟರುಗಳಿರುವ ಇಂದಿನ ಡಿಸ್ಕುಗಳಲ್ಲಿ ಪ್ರತಿ ಬರಹವೂ ಎರಡು ಸೆಕ್ಟರುಗಳ ಮೇಲೆ ಕಾಲಿಡುತ್ತದೆ.

ಯಾರೂ ಕೇಳದ, ಆದರೆ ಕೂಟಗಳನ್ನು ಕೊಲ್ಲುವ ಇನ್ನೊಂದು ಆಯ್ಕೆ ಡಿಸ್ಕಿನ ಒಳಗೇ ಇದೆ. ಓದಲಾಗದ ಸೆಕ್ಟರ್ ಸಿಕ್ಕಾಗ ಡೆಸ್ಕ್‌ಟಾಪಿಗೆಂದು ಮಾಡಿದ ಡಿಸ್ಕ್ ನಿಮಿಷಕ್ಕೂ ಹೆಚ್ಚು ಹೊತ್ತು ಮತ್ತೆ ಮತ್ತೆ ಯತ್ನಿಸಬಹುದು. ಒಂಟಿ ಡಿಸ್ಕಿಗೆ ಆ ಹಟ ಒಳ್ಳೆಯದೇ. ಆದರೆ ಲಿನಕ್ಸ್ 30 ಸೆಕೆಂಡು ಕಾದು ತಾಳ್ಮೆಗೆಟ್ಟು ಡಿಸ್ಕನ್ನು ರೀಸೆಟ್ ಮಾಡಲು ಹೊರಡುತ್ತದೆ, ಚೆನ್ನಾಗಿದ್ದ ಡಿಸ್ಕು ಕೂಟದಿಂದ ಹೊರಬೀಳುತ್ತದೆ. ಕೂಟಕ್ಕೆಂದೇ ಮಾಡಿದ ಡಿಸ್ಕುಗಳು ಸುಮಾರು 7 ಸೆಕೆಂಡಿನಲ್ಲಿ ಸೋಲೊಪ್ಪಿ, ಕಳೆದ ಸೆಕ್ಟರನ್ನು ಪ್ಯಾರಿಟಿಯಿಂದ ತುಂಬಿಕೊಳ್ಳಲು ಬಿಡುತ್ತವೆ. ಕೊಳ್ಳುವಾಗಲೇ ಇದನ್ನು ನೋಡಬೇಕು. ತಟ್ಟೆಯ ಮೇಲಿನ ಟ್ರ್ಯಾಕುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ಎಸ್‌ಎಂಆರ್ ಬಗೆಯ ಡಿಸ್ಕೇ ಎಂಬುದನ್ನೂ ವಿಚಾರಿಸಬೇಕು. ಅಂಥವು ದೀರ್ಘ ಬರಹದಲ್ಲಿ ಏದುಸಿರು ಬಿಡುತ್ತವೆ, ಮರುನಿರ್ಮಾಣ ದಿನಗಟ್ಟಲೆ ಎಳೆಯುತ್ತದೆ.

ರೈಟ್ ಕ್ಯಾಶ್ ವಿಷಯದಲ್ಲಿ ನಿಯಮ ಸ್ಪಷ್ಟ. ಬರೆದಾಯಿತು ಎಂದು ಮೊದಲೇ ಹೇಳಿ ಆಮೇಲೆ ಡಿಸ್ಕಿಗಿಳಿಸುವ ರೈಟ್-ಬ್ಯಾಕ್ ವೇಗವಾದದ್ದು, ಆದರೆ ಕಾರ್ಡಿನ ಮೇಲೆ ಬ್ಯಾಟರಿಯೋ ಕೆಪಾಸಿಟರೋ ಇದ್ದಾಗ ಮಾತ್ರ. ಮಾಹಿತಿ ಒಂದು ಡಿಸ್ಕಿಗೆ ಇಳಿದು ಪ್ಯಾರಿಟಿ ಇನ್ನೊಂದಕ್ಕೆ ಇಳಿಯುವ ನಡುವೆ ಕರೆಂಟು ಹೋದರೆ, ಮೊದಲ ದಿನ ಕಷ್ಟಪಟ್ಟು ಕೂಡಿಸಿದ ಲೆಕ್ಕ ಆ ಒಂದು ಜಾಗದಲ್ಲಿ ತಪ್ಪುತ್ತದೆ. ಇದಕ್ಕೆ ರೈಟ್ ಹೋಲ್ ಎನ್ನುತ್ತಾರೆ. ಲಿನಕ್ಸಿನ ರೈಟ್-ಇಂಟೆಂಟ್ ಬಿಟ್‌ಮ್ಯಾಪ್ ಯಾವ ಪ್ರದೇಶದಲ್ಲಿ ಬರಹ ನಡೆಯುತ್ತಿತ್ತು ಎಂದು ಗುರುತಿಟ್ಟುಕೊಂಡಿರುತ್ತದೆ. ಕರೆಂಟು ಬಂದ ಮೇಲೆ ಅಷ್ಟನ್ನೇ ಮತ್ತೆ ಕೂಡಿಸಿದರೆ ಸಾಕು, ಇಡೀ ಕೂಟವನ್ನಲ್ಲ. ಕೂಟ ಕಟ್ಟುವಾಗಲೇ ಅದನ್ನು ಹಾಕಿಸಿ. ಯುಪಿಎಸ್ಸನ್ನೂ ಮರೆಯಬೇಡಿ.

ಎಲ್ಲ ಮುಗಿದು ಲೆಕ್ಕ ಕೂಡಿದ ಮೇಲೆ, ನಿಜವಾದ ಮಾಹಿತಿ ಒಳಗೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಬೇರೆಡೆ ಪ್ರತಿಯಿರುವ ಒಂದಷ್ಟು ಫೈಲುಗಳನ್ನು ಹಾಕಿ, ಅವುಗಳ ಚೆಕ್‌ಸಮ್ ಬರೆದಿಟ್ಟುಕೊಂಡು, ಒಂದು ಡಿಸ್ಕನ್ನು ಬೇಕೆಂದೇ ಹೊರಗೆಳೆಯಿರಿ. ಎಚ್ಚರಿಕೆಯ ಮಿಂಚಂಚೆ ಬರುತ್ತದೆಯೇ, ಫೈಲುಗಳ ಚೆಕ್‌ಸಮ್ ಹಾಗೇ ಇದೆಯೇ ನೋಡಿ. ಡಿಸ್ಕನ್ನು ಮರಳಿ ಹಾಕಿ ಮರುನಿರ್ಮಾಣಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಮಾಡಿಕೊಳ್ಳಿ. ಕೂಟಕ್ಕೆ ನಿಜವಾದ ಆಪತ್ತು ಬಂದಾಗ ಕಡೇಪಕ್ಷ ಅಷ್ಟು ಹೊತ್ತು ನೀವು ಉಸಿರು ಬಿಗಿಹಿಡಿದಿರಬೇಕು. ಬಿಟ್‌ಮ್ಯಾಪ್ ಇದ್ದರೆ ಅದೇ ಡಿಸ್ಕ್ ಕ್ಷಣದಲ್ಲಿ ಸೇರಿಕೊಂಡುಬಿಡುತ್ತದೆ, ಆದ್ದರಿಂದ ಈ ಪರೀಕ್ಷೆಗೆ ಡಿಸ್ಕಿನ ಮೇಲಿನ ರೇಡ್ ಗುರುತನ್ನು ಅಳಿಸಿ, ಅಪರಿಚಿತ ಡಿಸ್ಕಿನಂತೆ ಸೇರಿಸಬೇಕು. ಕೊನೆಯದಾಗಿ, ಪ್ರತಿ ಗೂಡಿನ ಹೊರಗೆ ಅದರೊಳಗಿನ ಡಿಸ್ಕಿನ ಸೀರಿಯಲ್ ನಂಬರ್ ಬರೆದ ಚೀಟಿ ಅಂಟಿಸಿ. ತಂತ್ರಾಂಶ ಸತ್ತ ಡಿಸ್ಕನ್ನು ಹೆಸರಿಸುವುದು ಆ ನಂಬರಿನಿಂದ. ಒಂದು ಸತ್ತಿರುವ ರೇಡ್ 5ರಲ್ಲಿ ಅವಸರಕ್ಕೆ ಪಕ್ಕದ ಗೂಡಿನ ಜೀವಂತ ಡಿಸ್ಕನ್ನು ಎಳೆದರೆ ಕೂಟ ಆ ಕ್ಷಣವೇ ನಿಲ್ಲುತ್ತದೆ.